ಹಳೆಯ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿದಾಗ: ಪ್ಯಾಕಿಂಗ್, ಫೇಸಿಂಗ್, ವೆಲ್ಡಿಂಗ್, ಹೆಡರ್ ಇವುಗಳಲ್ಲಿ ಯಾವುದು ಯಾವಾಗ

ಚಳಿಗಾಲದ ಬೆಳಿಗ್ಗೆ ಅಂಬಾಸಿಡರ್ ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಅಡಿಯಿಂದ ಟಿಕ್ ಟಿಕ್ ಎಂಬ ಸದ್ದು ಬಂದು, ಎಂಜಿನ್ ಬಿಸಿಯಾಗುತ್ತಿದ್ದಂತೆ ಅದು ತಾನಾಗಿಯೇ ಅಡಗಿದರೆ, ಹೆಚ್ಚಿನವರು ವಾಲ್ವುಗಳನ್ನು ತೆರೆಯುವ ಟ್ಯಾಪೆಟ್ಟಿನ ಸದ್ದೆಂದು ತಿಳಿದು ಸುಮ್ಮನಾಗುತ್ತಾರೆ. ಟ್ಯಾಪೆಟ್ಟಿನ ಸದ್ದು ಎಂಜಿನ್ ಕಾದ ಮೇಲೂ ಬಹುಮಟ್ಟಿಗೆ ಉಳಿದಿರುತ್ತದೆ. ಬಿಸಿಗೆ ಲೋಹ ಹಿಗ್ಗಿ ಮುಚ್ಚಿಕೊಳ್ಳುವ ಸಂದು ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವ ಭಾಗದಲ್ಲಿ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಇಂದಿಗೂ ಓಡುತ್ತಿರುವ ಪೆಟ್ರೋಲ್ ಜೀಪು, ಅಂಬಾಸಿಡರ್, ಪದ್ಮಿನಿಗಳನ್ನು ಇಟ್ಟುಕೊಂಡವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ಆಗ ಸಿಗುವ ಸಲಹೆಗಳೂ ಹಲವು. ಒಬ್ಬರು ನಟ್ ಬಿಗಿ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಸಂದು ಮುಚ್ಚುವ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿ ಎನ್ನುತ್ತಾರೆ, ಮತ್ತೊಬ್ಬರು ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡನ್ನೇ ತೆಗೆದುಹಾಕಿ, ಬದಲಿಗೆ ಪೈಪುಗಳನ್ನು ಬೆಸೆದು ಮಾಡಿದ ಹೆಡರ್ ಕೂರಿಸಿ ಎನ್ನುತ್ತಾರೆ. ಸೋರುವ ಜಾಗ ಯಾವುದು, ಅಲ್ಲಿ ಓರೆಯಾಗಿರುವುದು ಯಾವುದು ಎಂದು ಅಳೆದು ನೋಡದೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ದುಡ್ಡು ದಂಡವಾಗುವ ಸಾಧ್ಯತೆಯೇ ಹೆಚ್ಚು. ನಾನು ಎರಡು ಸಲ ಹಾಗೆ ದಂಡ ತೆತ್ತಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು. ಮ್ಯಾನಿಫೋಲ್ಡಿನ ಸೋರಿಕೆಯನ್ನು ಬರಿಯ ಸದ್ದಿನ ಕಿರಿಕಿರಿ ಎಂದು ಯಾರೂ ತಳ್ಳಿಹಾಕಬಾರದು. ಸೈಲೆನ್ಸರ್ ತೂತಾದರೆ ಹೊಗೆ ಗಾಡಿಯ ಹಿಂಬದಿಯಲ್ಲಿ ಹೋಗುತ್ತದೆ. ಮ್ಯಾನಿಫೋಲ್ಡ್ ಸೋರಿದರೆ ಅದೇ ಹೊಗೆ ಬಾನೆಟ್ಟಿನೊಳಗೆ ತುಂಬಿ, ಪೆಡಲುಗಳ ಬಳಿಯ ತೂತುಗಳಿಂದಲೂ ವೈರುಗಳು ಹಾದುಹೋಗುವ ಹಳೆಯ ರಬ್ಬರಿನ ಸಂದುಗಳಿಂದಲೂ ನಾವು ಕೂತಿರುವಲ್ಲಿಗೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮತ್ತು ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜು ಏರಿಸಿಕೊಂಡೇ ಓಡಾಡಬೇಕು. ಅದರ ಮೇಲೆ, ಘಾಟಿ ಹತ್ತಿದಷ್ಟೂ ಗಾಳಿ ತೆಳುವಾಗಿ ಕಾರ್ಬುರೇಟರ್ ಕೊಡುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುವುದರಿಂದ ಈ ಅನಿಲದ ಪ್ರಮಾಣವೂ ಹೆಚ್ಚುತ್ತದೆ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಳೆಯಲ್ಲಿ ಗಾಡಿ ಓಡಿಸುವವರು, ತಲೆನೋವು ಘಾಟಿಯ ತಿರುವುಗಳಿಂದ ಬಂತೆಂದು ಭಾವಿಸುವ ಮೊದಲು ಮ್ಯಾನಿಫೋಲ್ಡನ್ನು ಒಮ್ಮೆ ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಸೋರುವ ಜಾಗವನ್ನು ಹುಡುಕುವುದು

ಹುಡುಕುವ ಕೆಲಸವನ್ನು ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನಿನಲ್ಲೇ ಮಾಡಬೇಕು. ಸೋರುವ ಕಡೆಯಲ್ಲಿ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನಿಂದ ಹೊರಕ್ಕೆ ಚಾಚಿದಂತೆ ಮಸಿಯ ಗೆರೆ ಬಿದ್ದಿರುತ್ತದೆ. ಟಾರ್ಚು ಬಿಟ್ಟು ಸಣ್ಣ ಕನ್ನಡಿಯಲ್ಲಿ ಅಡಿಭಾಗವನ್ನು ನೋಡಿದರೆ ಅರ್ಧ ಪಾಲು ಸೋರಿಕೆಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಮಸಿ ಕಾಣದಿದ್ದರೆ, ಹಿಂದಕ್ಕೆ ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿ ಸೇರಿಸಿ, ಎಂಜಿನ್ ಆಫ್ ಆಗಿರುವಾಗಲೇ ಗಾಳಿ ತುಂಬಿ, ಮ್ಯಾನಿಫೋಲ್ಡಿನ ಸುತ್ತ ಸೋಪಿನ ನೀರನ್ನು ಚಿಮುಕಿಸಿದರೆ ಗುಳ್ಳೆ ಏಳುವ ಜಾಗವೇ ಸೋರಿಕೆಯ ಜಾಗ. ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಸಿಡಿಯುವುದೂ ಇದರ ಗುರುತಾಗಬಹುದು. ಹೊಗೆ ಅಲೆಯಂತೆ ಹೊರಟು ಒತ್ತಡ ಏರಿಳಿಯುವಾಗ, ಇಳಿದ ಗಳಿಗೆಯಲ್ಲಿ ಅದೇ ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು, ಪೂರ್ತಿ ಉರಿಯದೆ ಬಂದ ಪೆಟ್ರೋಲು ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ.

ಸೋರಿಕೆ ಮೂರು ಜಾಗಗಳಲ್ಲಿ ಇರಬಹುದು: ಹೆಡ್ಡಿಗೆ ಮ್ಯಾನಿಫೋಲ್ಡ್ ಕೂಡುವ ಫೇಸಿನಲ್ಲಿ (ಸಮತಟ್ಟಾದ ಮುಖದಲ್ಲಿ), ಬೀಡಿನ ಮೈಯಲ್ಲೇ ಬಿಟ್ಟ ಬಿರುಕಿನಲ್ಲಿ, ಅಥವಾ ಮ್ಯಾನಿಫೋಲ್ಡಿನ ಬಾಯಿಗೆ ಸೈಲೆನ್ಸರ್ ಪೈಪು ಕೂಡುವ ಕೆಳಗಿನ ಜಾಯಿಂಟಿನಲ್ಲಿ. ಮೂರಕ್ಕೂ ಮದ್ದು ಬೇರೆ ಬೇರೆ.

ಬೀಡು ಏಕೆ ಓರೆಯಾಗುತ್ತದೆ

ಇದನ್ನು ಅರಿತುಕೊಂಡರೆ ಉಳಿದ ಆಯ್ಕೆಗಳೆಲ್ಲ ಸುಲಭವಾಗುತ್ತವೆ. ಬೀಡು, ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲಿನಷ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡಿನ ಬಿಸಿ 500 ಡಿಗ್ರಿ ಏರಿದರೆ ಅದು ಸುಮಾರು 2.75 ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದುಕೊಂಡಿರುವ ಹೆಡ್ಡಿನಲ್ಲಿ ನೀರು ಹರಿಯುತ್ತಿರುವುದರಿಂದ ಹೆಡ್ಡು ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಪ್ರತಿ ಸಲ ಕಾದು ತಣಿಯುವಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಕೂದಲೆಳೆಯಷ್ಟು ಜಾರಬೇಕು. ಫ್ಲೇಂಜಿನ (ಹೆಡ್ಡಿಗೆ ತಾಗುವ ಚಪ್ಪಟೆ ಅಂಚಿನ) ತೂತುಗಳನ್ನು ಸ್ಟಡ್ಡಿಗಿಂತ (ಹೆಡ್ಡಿನಿಂದ ಚಾಚಿ ನಟ್ ಕೂರುವ ತಿರುಪು ಕಡ್ಡಿಗಿಂತ) ದೊಡ್ಡದಾಗಿ ಕೊರೆದಿರುವುದು ಈ ಜಾರುವಿಕೆಗಾಗಿಯೇ. ಆ ತೂತುಗಳಲ್ಲಿ ತುಕ್ಕು, ಮಸಿ ತುಂಬಿಕೊಂಡರೆ, ಅಥವಾ ನಟ್ಟುಗಳನ್ನು ಮಿತಿಮೀರಿ ಬಿಗಿದರೆ, ಜಾರಲಾಗದ ಬೀಡು ಬಿಲ್ಲಿನಂತೆ ಬಾಗುತ್ತದೆ. ಬಾಗಲೂ ಆಗದಿದ್ದರೆ ಬಿರಿಯುತ್ತದೆ. ತೋಟದ ಹಾದಿಯಲ್ಲಿ ಏರು ಹತ್ತಿ ಕೆಂಪಗೆ ಕಾದ ಮ್ಯಾನಿಫೋಲ್ಡಿನೊಡನೆ ಜೀಪನ್ನು ನೇರವಾಗಿ ಹಳ್ಳದ ತಣ್ಣೀರಿಗೆ ಇಳಿಸುವವರಿಗೆ ಬಿರುಕಿನ ಇನ್ನೊಂದು ಕಾರಣ ಹೇಳಬೇಕಾಗಿಲ್ಲ.

ನಟ್ ಬಿಗಿಯುವುದು, ಪೇಸ್ಟ್ ಹಚ್ಚುವುದು

ಹೊಸ ಪ್ಯಾಕಿಂಗ್ ಹಾಕಿ ಕೆಲವೇ ದಿನಗಳಾಗಿದ್ದರೆ ಬಿಗಿಯುವುದು ಸರಿಯಾದ ಕ್ರಮ, ಏಕೆಂದರೆ ಪ್ಯಾಕಿಂಗ್ ಕಾದು ಸ್ವಲ್ಪ ಕುಗ್ಗಿರುತ್ತದೆ. ವರ್ಷಗಟ್ಟಲೆ ಕೈ ಹಾಕದ ನಟ್ಟುಗಳನ್ನು ಸದ್ದು ಬಂದ ದಿನ ಬಿಗಿಯಲು ಹೊರಟರೆ ಮಾತ್ರ ಸ್ಟಡ್ಡೇ ಮುರಿದು ಕೈಗೆ ಬರುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಮ್ಯಾನಿಫೋಲ್ಡ್ ನಟ್ಟುಗಳಿಗೆ ಬೇಕಾದ ಬಿಗಿ ಸುಮಾರು 20 ನ್ಯೂಟನ್ ಮೀಟರ್ ಮಾತ್ರ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಇದು ಏನೇನೂ ಅಲ್ಲವೆನಿಸುವುದರಿಂದ ಎಲ್ಲರೂ ಇನ್ನೊಂದು ಸುತ್ತು ತಿರುಗಿಸುತ್ತಾರೆ, ಓರೆಯಾಗುವುದು ಅಲ್ಲಿಂದಲೇ ಶುರುವಾಗುತ್ತದೆ.

ಡಬ್ಬಿಯಲ್ಲಿ ಸಿಗುವ ಎಕ್ಸಾಸ್ಟ್ ಪೇಸ್ಟ್ ಕೆಳಗಿನ ಪೈಪಿನ ಜಾಯಿಂಟಿಗೆ ಚೆನ್ನಾಗಿ ಹೊಂದುತ್ತದೆ. ಹೆಡ್ಡಿನ ಫೇಸಿಗೆ ಅದನ್ನು ಹಚ್ಚುವುದನ್ನು ನಾನು ಒಪ್ಪುವುದಿಲ್ಲ; ಒಣಗಿ ಕಲ್ಲಾದ ಪೇಸ್ಟ್ ಜಾರುವ ಫೇಸಿನ ನಡುವೆ ಪುಡಿಯಾಗುತ್ತದೆ, ಮುಂದೆ ಫೇಸಿಂಗ್ ಮಾಡುವವರಿಗೂ, ಅಂದರೆ ಓರೆಯಾದ ಫೇಸನ್ನು ಯಂತ್ರದಲ್ಲಿ ಕತ್ತರಿಸಿ ಸಮ ಮಾಡುವವರಿಗೂ, ತೊಂದರೆ ಕೊಡುತ್ತದೆ. ಮನೆಯ ನೀರಿನ ಪೈಪಿಗೆ ಮೆತ್ತುವ ಎಪಾಕ್ಸಿಯಂತೂ ಈ ಬಿಸಿಯನ್ನು ತಡೆಯುವುದೇ ಇಲ್ಲ. ದಾರಿಯಲ್ಲಿ ಕೆಟ್ಟು ನಿಂತವರು ಮನೆ ಸೇರುವುದಕ್ಕೆ ಪೇಸ್ಟನ್ನು ಬಳಸಲಿ, ಗಾಜು ಇಳಿಸಿಕೊಂಡು ಬರಲಿ.

ಪ್ಯಾಕಿಂಗ್ ಮಾತ್ರ ಸಾಕೆ, ಫೇಸಿಂಗ್ ಬೇಕೆ

ನಿಜವಾದ ಆಯ್ಕೆ ಇರುವುದು ಇಲ್ಲಿ. ಹೊಸ ಪ್ಯಾಕಿಂಗ್ ಒಂದು ಮಧ್ಯಾಹ್ನದ ಕೆಲಸ, ಖರ್ಚೂ ಅತ್ಯಂತ ಕಡಿಮೆ. ಫೇಸಿಂಗಿಗೆ ಮ್ಯಾನಿಫೋಲ್ಡನ್ನು ಬಿಚ್ಚಿ ಲೇತಿನ ಅಂಗಡಿಗೆ ಒಯ್ಯಬೇಕು, ಎರಡು ಮೂರು ದಿನ ಗಾಡಿ ನಿಲ್ಲಿಸಬೇಕು. ಎರಡರ ನಡುವೆ ತೀರ್ಮಾನ ಮಾಡಬೇಕಾದದ್ದು ಫೀಲರ್ ಗೇಜ್, ಅಂದರೆ ಸಂದನ್ನು ಅಳೆಯಲು ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳಿರುವ ಸಾಧನ. ಬಿಚ್ಚಿದ ಮ್ಯಾನಿಫೋಲ್ಡಿನ ಫೇಸನ್ನು ಚೊಕ್ಕಟ ಮಾಡಿ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಪಟ್ಟಿಯ ಅಡಿಯಲ್ಲಿ ಯಾವ ಎಲೆ ತೂರುತ್ತದೆ ಎಂದು ನೋಡಬೇಕು. 0.15 ಮಿಲಿಮೀಟರಿನ ಎಲೆ ಎಲ್ಲಿಯೂ ತೂರದಿದ್ದರೆ ನಾನು ಪ್ಯಾಕಿಂಗ್ ಮಾತ್ರ ಬದಲಿಸುತ್ತೇನೆ. ಅದಕ್ಕಿಂತ ದಪ್ಪದ ಎಲೆ ತೂರಿದರೆ ಫೇಸಿಂಗ್ ಮಾಡಿಸುತ್ತೇನೆ. ಹೆಡ್ಡಿನ ಫೇಸನ್ನೂ ಹೀಗೆಯೇ ನೋಡುವುದನ್ನು ಮರೆಯಬಾರದು.

ನನ್ನ ಅಂಬಾಸಿಡರಿನ ಕಥೆ ಇದಕ್ಕೆ ಹೊಂದುತ್ತದೆ. ಹಿಂದಿನ ಪೋರ್ಟಿನಲ್ಲಿ (ಹೆಡ್ಡಿನಿಂದ ಹೊಗೆ ಹೊರಬರುವ ಕಿಂಡಿಯಲ್ಲಿ) ಸೋರಿಕೆ ಕಂಡು ಪ್ಯಾಕಿಂಗ್ ಬದಲಿಸಿದ್ದು ನಾಲ್ಕು ತಿಂಗಳು ಬಾಳಿತು. ಎರಡನೆಯ ಸಲ ಗ್ಯಾರೇಜಿನವರು ಒಂದರ ಮೇಲೊಂದು ಎರಡು ಪ್ಯಾಕಿಂಗ್ ಇಟ್ಟು ಬಲವಾಗಿ ಬಿಗಿದು ಕಳಿಸಿದರು. ಅದು ಒಂದೂವರೆ ತಿಂಗಳು ಬಾಳಿತು. ಮೂರನೆಯ ಸಲ ನಾನೇ ಬಿಚ್ಚಿ ಲೇತಿನ ಅಂಗಡಿಗೆ ಹೊತ್ತೊಯ್ದಾಗ, ಅಲ್ಲಿನ ಹಿರಿಯ ಕೆಲಸಗಾರರು ಪಟ್ಟಿಯನ್ನು ಇಟ್ಟು ಬೆಳಕಿಗೆ ಎತ್ತಿ ಹಿಡಿದು, "ಸಾರ್, ಪ್ಯಾಕಿಂಗಿನ ತಪ್ಪಿಲ್ಲ, ಫೇಸೇ ಓರೆ ಆಗಿದೆ, ನೀವೇ ನೋಡಿ" ಎಂದರು. ಎರಡು ಪೋರ್ಟುಗಳ ಕಡೆ ಪಟ್ಟಿಗೂ ಬೀಡಿಗೂ ನಡುವೆ ಬೆಳಕೇ ಇರಲಿಲ್ಲ. ಹಿಂದಿನ ಪೋರ್ಟಿನ ಕೆಳ ಅಂಚಿನಲ್ಲಿ ಬೆಳಗಿನ ಬಿಸಿಲು ತೆಳ್ಳಗೆ ಗೆರೆಯಂತೆ ಹಾದು ಬರುತ್ತಿತ್ತು. ಗೇಜಿನಲ್ಲಿ ಅದು 0.40 ಮಿಲಿಮೀಟರ್. ಯಾವ ಪ್ಯಾಕಿಂಗೂ ಆ ಸಂದನ್ನು ಬಹುಕಾಲ ಮುಚ್ಚಲಾರದು.

ಫೇಸಿಂಗ್ ಮಾಡಿಸುವಾಗ ಈ ಎಂಜಿನ್ನಿಗೆ ಮಾತ್ರ ಸಂಬಂಧಿಸಿದ ಒಂದು ಸೂಕ್ಷ್ಮವಿದೆ, ಅದು ತಪ್ಪಿದರೆ ಎಲ್ಲ ಶ್ರಮವೂ ವ್ಯರ್ಥ. ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಈ ಬಿಎಂಸಿ ಬಿ ಸರಣಿಯ ಎಂಜಿನ್ನಿನಲ್ಲಿ ಇನ್‌ಲೆಟ್ (ಗಾಳಿ, ಪೆಟ್ರೋಲಿನ ಮಿಶ್ರಣ ಒಳಹೋಗುವ ಮ್ಯಾನಿಫೋಲ್ಡ್) ಮತ್ತು ಎಕ್ಸಾಸ್ಟ್ ಎರಡೂ ಹೆಡ್ಡಿನ ಒಂದೇ ಬದಿಯಲ್ಲಿವೆ. ಎರಡಕ್ಕೂ ಸೇರಿ ಒಂದೇ ಪ್ಯಾಕಿಂಗ್. ದಪ್ಪನೆಯ ದೊಡ್ಡ ವಾಷರೊಂದು ಅರ್ಧ ಇನ್‌ಲೆಟ್ ಫ್ಲೇಂಜಿನ ಮೇಲೂ ಅರ್ಧ ಎಕ್ಸಾಸ್ಟ್ ಫ್ಲೇಂಜಿನ ಮೇಲೂ ಕೂತು ಒಂದೇ ನಟ್ಟಿನಿಂದ ಎರಡನ್ನೂ ಒತ್ತಿ ಹಿಡಿಯುತ್ತದೆ. ಎಕ್ಸಾಸ್ಟಿನ ಫೇಸನ್ನಷ್ಟೇ ಕತ್ತರಿಸಿದರೆ ಅದರ ಫ್ಲೇಂಜು ತೆಳುವಾಗಿ, ವಾಷರ್ ಓರೆಯಾಗಿ ಕೂತು, ಒತ್ತಡವೆಲ್ಲ ಇನ್‌ಲೆಟ್ಟಿನ ಮೇಲೆ ಬೀಳುತ್ತದೆ. ನಟ್ಟು ಎಷ್ಟು ಬಿಗಿಯಾಗಿದ್ದರೂ ಎಕ್ಸಾಸ್ಟ್ ಸಡಿಲವೇ. ಆದ್ದರಿಂದ ಫೇಸಿಂಗಿನ ನಂತರ ಎರಡೂ ಫ್ಲೇಂಜುಗಳ ದಪ್ಪವನ್ನು ವರ್ನಿಯರಿನಲ್ಲಿ ಅಳೆದು, ವ್ಯತ್ಯಾಸವಿದ್ದರೆ ಇನ್‌ಲೆಟ್ಟಿನಿಂದಲೂ ಅಷ್ಟನ್ನು ತೆಗೆಸಬೇಕು, ಅಥವಾ ವಾಷರಿನ ಇನ್‌ಲೆಟ್ ಕಡೆಯ ಅರ್ಧವನ್ನು ಅಷ್ಟೇ ಮೆಟ್ಟಿಲಾಗಿ ಅರ ಹಾಕಿಸಬೇಕು. ನಾನು ಎರಡನೆಯದನ್ನು ಮಾಡಿಸಿದೆ, ಏಕೆಂದರೆ ವಾಷರ್ ಹಾಳಾದರೆ ಮತ್ತೊಂದು ಮಾಡಿಸಬಹುದು, ಇನ್‌ಲೆಟ್ ಹಾಳಾದರೆ ಹುಡುಕಬೇಕು. ಪೆಟ್ರೋಲ್ ಜೀಪಿನ 2199 ಸಿಸಿ ಹರಿಕೇನ್ ಎಂಜಿನ್ನಿನಲ್ಲಿ ಈ ತೊಡಕಿಲ್ಲ. ಅದರಲ್ಲಿ ಇನ್‌ಲೆಟ್ಟಿನ ದಾರಿ ಹೆಡ್ಡಿನೊಳಗೇ ಇದ್ದು ಎಕ್ಸಾಸ್ಟ್ ಒಂದೇ ಬ್ಲಾಕಿನ ಪಕ್ಕಕ್ಕೆ ಕೂರುತ್ತದೆ.

ಹಳೆಯ ಪ್ಯಾಕಿಂಗನ್ನು ಕೆರೆಯುವವರಿಗೆ ಒಂದು ಎಚ್ಚರಿಕೆ: ಆ ಕಾಲದ ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದನ್ನು ಒಣಗಿದ್ದಾಗ ಕೆರೆಯಬಾರದು, ವೈರ್ ಬ್ರಷ್ಷಿನ ಡ್ರಿಲ್ ಹಚ್ಚಲೇಬಾರದು. ನೀರಿನಿಂದ ನೆನೆಸಿ, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಿಕೊಂಡು ಮೆಲ್ಲಗೆ ಎತ್ತಬೇಕು. ಹೊಸದಾಗಿ ತರುವಾಗ ಉಕ್ಕಿನ ಜಾಲರಿಯ ಮೇಲೆ ಗ್ರಾಫೈಟ್ ಇರುವ ಪ್ಯಾಕಿಂಗ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಗ್ರಾಫೈಟಿನ ಮೇಲೆ ಬೀಡು ಸುಲಭವಾಗಿ ಜಾರುತ್ತದೆ.

ಸ್ಟಡ್ಡುಗಳ ವಿಷಯವನ್ನೂ ಇಲ್ಲಿಯೇ ಮುಗಿಸುತ್ತೇನೆ. ಮ್ಯಾನಿಫೋಲ್ಡ್ ಹೊರಗೆ ಬಂದಾಗ ತುಕ್ಕು ಹಿಡಿದ ಸ್ಟಡ್ಡುಗಳನ್ನೆಲ್ಲ ಬದಲಿಸಿ, ಹಿತ್ತಾಳೆಯ ನಟ್ಟುಗಳನ್ನು ಹಾಕುವುದು ಉತ್ತಮ, ಏಕೆಂದರೆ ಹಿತ್ತಾಳೆ ಉಕ್ಕಿನ ಸ್ಟಡ್ಡಿಗೆ ತುಕ್ಕಾಗಿ ಅಂಟಿಕೊಳ್ಳುವುದಿಲ್ಲ. ಹೆಡ್ಡಿನೊಳಗೆ ಮುರಿದು ಉಳಿದ ಸ್ಟಡ್ಡಿನ ತುಂಡು ಸ್ವಲ್ಪವಾದರೂ ಹೊರಗೆ ಕಾಣುತ್ತಿದ್ದರೆ ಅದರ ಮೇಲೆ ಒಂದು ನಟ್ಟನ್ನಿಟ್ಟು ವೆಲ್ಡ್ ಮಾಡಿ, ಕೆಂಪು ಬಿಸಿ ಆರುತ್ತಿರುವಾಗಲೇ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿದರೆ ಹೊರಬರುತ್ತದೆ.

ಬಿರುಕು ಬಿಟ್ಟಾಗ: ವೆಲ್ಡಿಂಗ್, ಹಿತ್ತಾಳೆ ಬೆಸುಗೆ, ಹಳೆಯ ಮ್ಯಾನಿಫೋಲ್ಡ್

ಬಿರುಕು ಬಿಟ್ಟ ಬೀಡಿಗೆ ಪ್ಯಾಕಿಂಗೂ ಫೇಸಿಂಗೂ ಉಪಯೋಗವಿಲ್ಲ. ಗ್ಯಾಸಿನಲ್ಲಿ ಹಿತ್ತಾಳೆ ಕಡ್ಡಿ ಹಾಕಿ ಬೆಸೆಯುವುದು ನಮ್ಮ ಕಡೆ ಹಳೆಯ ರೂಢಿ. ಬೀಡು ಕರಗದೆ ಬೆಸುಗೆ ಕೂಡುವುದರಿಂದ ಹೊಸ ಬಿರುಕಿನ ಭಯ ಕಡಿಮೆ, ನೋಡಲೂ ಅಂದ. ಆದರೆ ಹಿತ್ತಾಳೆ ಕರಗುವ ಬಿಸಿಗಿಂತ ಬಹಳ ಮೊದಲೇ ತನ್ನ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಪೋರ್ಟಿನ ಬಳಿ, ಹೊಗೆ ನೇರವಾಗಿ ಬಡಿಯುವಲ್ಲಿ ಅದು ಬೇಡ; ಫ್ಲೇಂಜಿನ ಕಿವಿ ಮುರಿದಿದ್ದರೆ ಅಥವಾ ಕಡಿಮೆ ಬಿಸಿಯ ತುದಿಯಲ್ಲಿ ಒಡೆದಿದ್ದರೆ ಸರಿ.

ಪೋರ್ಟಿನ ಬಳಿಯ ಬಿರುಕಿಗೆ ನಿಕ್ಕಲ್ ಎಲೆಕ್ಟ್ರೋಡಿನ ವೆಲ್ಡಿಂಗೇ ಆಗಬೇಕು, ಅದನ್ನು ಆತುರದಲ್ಲಿ ಮಾಡುವವರಿಗೆ ಕೊಡಬಾರದು. ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಹೋಗದಂತೆ ತಡೆಯಬೇಕು, ಉದ್ದಕ್ಕೂ ಕಾಲುವೆಯಂತೆ ಅರೆದು ಮಸಿಯನ್ನೆಲ್ಲ ತೆಗೆಯಬೇಕು, ಇಡೀ ತುಂಡನ್ನು ಸಮನಾಗಿ ಬಿಸಿ ಮಾಡಿ, ಒಂದು ಸಲಕ್ಕೆ ಒಂದು ಅಂಗುಲದಷ್ಟು ಮಾತ್ರ ವೆಲ್ಡ್ ಮಾಡಿ, ಗುಂಡು ತಲೆಯ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೊನೆಗೆ ಒಣ ಬೂದಿಯಲ್ಲೋ ಮರಳಿನಲ್ಲೋ ಹೂತು ರಾತ್ರಿಯಿಡೀ ತಣಿಯಲು ಬಿಡಬೇಕು. ಇವುಗಳಲ್ಲಿ ಒಂದು ಬಿಟ್ಟರೂ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಟಪ್ಪೆಂದು ಬಿಡುತ್ತದೆ, ಕೆಲವೊಮ್ಮೆ ಕೇಳಿಸುವಂತೆಯೇ. ವೆಲ್ಡಿನ ಬಿಸಿಗೆ ಫೇಸು ಮತ್ತೆ ಓರೆಯಾಗುವುದರಿಂದ ಇದರ ಬೆನ್ನಿಗೇ ಫೇಸಿಂಗಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಅಂಬಾಸಿಡರ್ ಮಾಲೀಕರಿಗೆ ಇದಕ್ಕಿಂತ ಸುಲಭವಾದ ದಾರಿಯಿದೆ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತರೂ ದಶಕಗಟ್ಟಲೆ ತಯಾರಾದ ಗಾಡಿಯಾದ್ದರಿಂದ ಹಳೆಯ ಮ್ಯಾನಿಫೋಲ್ಡ್ ಗುಜರಿಯಲ್ಲಿ ಸಿಗುತ್ತದೆ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆಗಳಲ್ಲಿ ಹುಡುಕಬಹುದು. ಇಸುಜು ಎಂಜಿನ್ನಿನ ನಂತರದ ಗಾಡಿಗಳ ಮ್ಯಾನಿಫೋಲ್ಡ್ ಇದಕ್ಕೆ ಕೂರುವುದಿಲ್ಲ, ಅದನ್ನು ಗಮನಿಸಬೇಕು. ಕೊಳ್ಳುವ ಮೊದಲು ತಂತಿಗೆ ತೂಗುಹಾಕಿ ಸ್ಪ್ಯಾನರಿನಿಂದ ತಟ್ಟಿ ನೋಡಿ: ಬಿರುಕಿಲ್ಲದ ಬೀಡು ಗಂಟೆಯಂತೆ ಎಳೆದು ಮೊಳಗುತ್ತದೆ, ಬಿರಿದದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ. ಅನುಮಾನ ಉಳಿದರೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಕಾದರೆ, ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಒದ್ದೆ ಗೆರೆಯಾಗಿ ಮೂಡುತ್ತದೆ. ಚೆನ್ನಾಗಿರುವ ಹಳೆಯ ತುಂಡು ಮತ್ತು ಒಂದು ಫೇಸಿಂಗ್, ಇವೆರಡೂ ಸೇರಿ ಒಳ್ಳೆಯ ವೆಲ್ಡಿಂಗಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಅನುಭವ. ಹಳೆಯ ಪೆಟ್ರೋಲ್ ಜೀಪಿನವರಿಗೆ ಹುಡುಕಾಟ ಕಷ್ಟವಾಗಬಹುದು. ಎಷ್ಟೋ ಜೀಪುಗಳು ಡೀಸೆಲ್ ಎಂಜಿನ್ನಿಗೆ ಬದಲಾಗಿರುವುದರಿಂದ, ಕಳಚಿಟ್ಟ ಪೆಟ್ರೋಲ್ ಎಂಜಿನ್ ಯಾವುದಾದರೂ ತೋಟದ ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಪೈಪಿನ ಹೆಡರ್

ಹೆಡರಿನಿಂದ ಹೊಗೆಯ ದಾರಿ ಸಲೀಸಾಗುತ್ತದೆ, ತೂಕ ಇಳಿಯುತ್ತದೆ ಎಂಬುದು ನಿಜ. ಆದರೆ ಸೋರಿಕೆಗೆ ಮದ್ದಾಗಿ ಅದನ್ನು ಆರಿಸುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಸ್ಟೇನ್‌ಲೆಸ್ ಸ್ಟೀಲು ಬೀಡಿಗಿಂತ ಹೆಚ್ಚು ಹಿಗ್ಗುತ್ತದೆ. ಮೇಲೆ ಹೇಳಿದ ಅದೇ ಅರ್ಧ ಮೀಟರಿಗೆ, ಅದೇ 500 ಡಿಗ್ರಿಗೆ, ಸುಮಾರು 4.25 ಮಿಲಿಮೀಟರ್. ಫ್ಲೇಂಜು ತೆಳುವಾಗಿದ್ದರೆ ಮೊದಲ ಮಳೆಗಾಲದೊಳಗೇ ಓರೆಯಾಗುತ್ತದೆ. 8ರಿಂದ 10 ಮಿಲಿಮೀಟರ್ ದಪ್ಪದ ಫ್ಲೇಂಜು ಇರಬೇಕು, ಪೈಪುಗಳನ್ನು ವೆಲ್ಡ್ ಮಾಡುವಾಗ ಅದನ್ನು ದಪ್ಪ ತಗಡಿಗೆ ಬೋಲ್ಟಿನಿಂದ ಬಿಗಿದಿರಬೇಕು, ಮುಗಿದ ಮೇಲೆ ಫೇಸಿಂಗ್ ಮಾಡಿರಬೇಕು. ಸಾದಾ ಉಕ್ಕಿನ ಪೈಪು ನಮ್ಮ ತೇವದ ಹವೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ಅದರ ಮೇಲೆ ಶಾಖದ ಪಟ್ಟಿ ಸುತ್ತಿದರೆ ಪಟ್ಟಿಯೊಳಗೆ ನೀರು ನಿಂತು ಇನ್ನೂ ಬೇಗ ತೂತಾಗುತ್ತದೆ. ಅಂಬಾಸಿಡರಿನಲ್ಲಿ ಎಕ್ಸಾಸ್ಟಿನ ಬೀಡು ಮೇಲಿರುವ ಇನ್‌ಲೆಟ್ಟಿಗೆ ಬಿಸಿ ತಾಗಿಸುತ್ತಿರುತ್ತದೆ. ಆ ಬಿಸಿ ತಪ್ಪಿದರೆ ಚಳಿಯ ಬೆಳಗುಗಳಲ್ಲಿ ಎಂಜಿನ್ ಬಹಳ ಹೊತ್ತು ಮುಗ್ಗರಿಸುತ್ತದೆ.

ಇನ್ನೊಂದು ಲೆಕ್ಕಾಚಾರ ಕಾಗದಪತ್ರದ್ದು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನೋಂದಣಿ ನಿಯಮದಂತೆ, 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವ ಗಾಡಿಗೆ ಆ ಮನ್ನಣೆ ಸಿಗುತ್ತದೆ. ಮುಂದೊಂದು ದಿನ ಅದಕ್ಕೆ ಅರ್ಜಿ ಹಾಕುವ ಆಲೋಚನೆ ಇರುವವರು ಮೂಲ ಮ್ಯಾನಿಫೋಲ್ಡನ್ನು ಉಳಿಸಿಕೊಳ್ಳುವುದೇ ಕ್ಷೇಮ. ಹೆಡರನ್ನು ನಾನು ಒಪ್ಪುವ ಸಂದರ್ಭ ಒಂದೇ: ಮೂಲದ ಬೀಡು ಹಲವೆಡೆ ಬಿರಿದು, ಬದಲಿಗೆ ಬೇರೊಂದು ಎಲ್ಲಿಯೂ ಸಿಗದಿದ್ದಾಗ. ಆಗಲೂ ಹಳೆಯದನ್ನು ತೂಕಕ್ಕೆ ಹಾಕದೆ, ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಮರಳಿ ಕೂರಿಸುವಾಗ

ಯಾವ ದಾರಿ ಹಿಡಿದರೂ ಕೂರಿಸುವ ಕ್ರಮ ಒಂದೇ. ಫ್ಲೇಂಜಿನ ತೂತುಗಳೊಳಗಿನ ತುಕ್ಕನ್ನು ಉರುಟು ಅರದಿಂದ ತೆಗೆದು, ಸ್ಟಡ್ಡುಗಳ ಮೇಲೆ ಮ್ಯಾನಿಫೋಲ್ಡ್ ಕೈಯಿಂದಲೇ ಅಲುಗಾಡುವುದನ್ನು ನೋಡಿಕೊಳ್ಳಿ. ಕೆಳಗಿನ ಪೈಪಿನ ಜಾಯಿಂಟನ್ನು ಸಡಿಲವಾಗಿಯೇ ಬಿಟ್ಟು, ಮೊದಲು ಹೆಡ್ಡಿನ ಕಡೆಯ ನಟ್ಟುಗಳನ್ನು ನಡುವಿನಿಂದ ಎರಡು ತುದಿಗಳ ಕಡೆಗೆ, ಮೂರು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಪೈಪನ್ನು ಆಮೇಲೆ ಬಿಗಿಯಿರಿ. ಸೈಲೆನ್ಸರಿನ ರಬ್ಬರ್ ಹಿಡಿಕೆ ಕಿತ್ತುಹೋಗಿದ್ದರೆ ಅದರ ಭಾರವೆಲ್ಲ ಮ್ಯಾನಿಫೋಲ್ಡಿಗೇ ಜೋತುಬೀಳುವುದರಿಂದ ಅದನ್ನೂ ಅದೇ ದಿನ ಬದಲಿಸಿ. ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಅದೇ 20 ನ್ಯೂಟನ್ ಮೀಟರಿಗೆ ನೋಡಿ. ನಾನು ಆಮೇಲೆ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಒಮ್ಮೆ ಹತ್ತಿಸಿ, ಗಾಜು ಇಳಿಸಿ ಕಿವಿಗೊಟ್ಟು, ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿಗೆ ಸೋಪಿನ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆ. ಹಿಂದಿನ ಪೋರ್ಟಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಅಲ್ಲಿಗೆ ಈಗ ಮೂರು ಮಳೆಗಾಲ ಕಳೆದಿವೆ, ಪ್ಯಾಕಿಂಗ್ ಅದೇ ಇದೆ.